ಮಾವನ ಎರಡು ಕಣ್ಣಿನ ಪೆಟ್ಟಿಗೆ

ಶಿಡ್ಲಘಟ್ಟದ ನಮ್ಮ ಸೋದರಮಾವನಿಗೆ ಇದ್ದದ್ದು ಒಂದೇ ಕಣ್ಣು. ಅವರ ಕ್ಯಾಮೆರಾಕ್ಕೆ ಎರಡು! ಇನ್ನೊಂದು ಕಣ್ಣನ್ನು ಮಾವ ಚಿಕ್ಕಂದಿನಲ್ಲೇ ಚಿನ್ನಿದಾಂಡಿಗೆ ಅರ್ಪಿಸಿದ್ದರು. ದೇವರು ಒಂದು ಕಿತ್ತುಕೊಂಡು ಎರಡು ಕೊಟ್ಟ ಎಂಬುದು ಅವರ ವಾದ. ಕೊಟ್ಟದ್ದು ನಂದಿಯ ಹಳೇ ಬಂಗಲೆಯೊಂದರ ಹರಾಜಿನಲ್ಲಿ: ನೂರು ವರ್ಷ ದಾಟಿದ, ಎರಡು ಲೆನ್ಸಿನ ಮರದ ಪೆಟ್ಟಿಗೆ. ಅದರಲ್ಲಿ ತೆಗೆದ ಜೋಡಿ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಜೊತೆಗೆ ಬಂದ ಕನ್ನಡಕದಂಥ ಗೂಡಿನಲ್ಲಿಟ್ಟು ನೋಡಿದರೆ ಮನುಷ್ಯರು ಉಬ್ಬಿ ಎದುರಿಗೇ ಬಂದು ನಿಲ್ಲುತ್ತಾರೆ. ಮನೆಗೆ ಬಂದವರ ಮೂಗಿಗೆಲ್ಲ ಮಾವ ಆ ಗೂಡು ಒತ್ತಿ, "ಉಬ್ಬಿ ಬಂತಾ?" ಎಂದು ಅವರ ಮುಖವನ್ನೇ ದಿಟ್ಟಿಸುತ್ತಿದ್ದರು.

ನಮ್ಮತ್ತೆಯನ್ನು ಹಾಗೆ ನಿಲ್ಲಿಸಬೇಕೆಂಬುದು ಅವರ ಜನ್ಮದ ಆಸೆ. ಅತ್ತೆ ಒಪ್ಪಬೇಕಲ್ಲ? "ಒಬ್ಬಳಿಗೇ ಸೀರೆ ತರೋಕಾಗಲ್ಲ, ಇಬ್ಬರನ್ನ ಮಾಡ್ಕೊಂಡು ಏನ್ ಮಾಡ್ತೀರ?" ಎಂದು ಸೌಟು ಹಿಡಿದು ಒಳಗೆ ಹೋಗಿಬಿಡುತ್ತಿದ್ದರು.

ಪೆಟ್ಟಿಗೆಯ ಮುಂದೆ ಅಲ್ಲಾಡದೆ ಇರಬೇಕು, ಅದೇ ಕಷ್ಟ. ಚಿಂತಾಮಣಿಯ ಮದುವೆಯೊಂದರಲ್ಲಿ ಮದುಮಗನಿಗೆ, "ತಾಳಿ ಹಿಡಿದ ಕೈ ಹಾಗೇ ಇರ್ಲಿ, ಉಸಿರು ಬಿಡಬೇಡಪ್ಪ!" ಎಂದು ಆಜ್ಞಾಪಿಸಿ ಮಾವ ಪೆಟ್ಟಿಗೆಯ ಕರಿಬಟ್ಟೆಯೊಳಗೆ ತೂರಿಕೊಂಡರು.

"ಸ್ವಾಮಿ, ಮುಹೂರ್ತ ಮೀರ್ತಿದೆ!" ಪುರೋಹಿತರು ಕೂಗಿದರು.

"ಮೀರ್ಲಿ ಬಿಡಿ, ಫೋಟೋ ಮುಖ್ಯ!" ಎಂದಿತು ಕರಿಬಟ್ಟೆ.

ಅಲ್ಲಿಂದ ಮುಂದೆ ಮದುವೆಗೆ ಕರೆಯಲು ಬಂದವರೆಲ್ಲ, "ನೀವು ಬನ್ನಿ, ಪೆಟ್ಟಿಗೆ ಬೇಡ" ಎಂದು ಕೈಮುಗಿಯತೊಡಗಿದರು!

ಕೊನೆಗೆ ಅವರ ಮಾತು ಕೇಳಿದ್ದು ಮನೆಯ ರೇಷ್ಮೆಹುಳುಗಳು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. "ನೋಡ್ರೋ, ಹುಳಕ್ಕಿರೋ ಶಿಸ್ತು ನಿಮಗಿಲ್ವಲ್ಲ!" ಎಂದು ಮಾವ ನಮ್ಮನ್ನು ಬೈದು ಹುಳುಗಳ ಫೋಟೋ ತೆಗೆದರು.

ಒಂದು ದಿನ ಅತ್ತೆ ಹುಳುಗಳಿಗೆ ಸೊಪ್ಪು ಹಾಕಿ ಸುಸ್ತಾಗಿ, ಹುಳು ಸಾಕುವ ತಟ್ಟೆಯ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆಹೋದರು. ಮಾವ ಬಿಡುತ್ತಾರೆಯೇ? ಬೆಕ್ಕಿನಂತೆ ಹೆಜ್ಜೆಯಿಟ್ಟು ಪೆಟ್ಟಿಗೆ ತಂದರು!

ವಾರದಲ್ಲಿ ಚಿತ್ರ ತಯಾರಾಗಿ ನನ್ನ ಮೂಗಿಗೆ ಗೂಡು ಬಂತು. "ಬಂದ್ಲೇನೋ ನಿಮ್ಮತ್ತೆ?"

ಎಲ್ಲಿಯ ಅತ್ತೆ! ಗೋಡೆ ನನ್ನ ಮೂಗಿನವರೆಗೂ ಬಂದಿತ್ತು. ಅತ್ತೆ ಅದರೊಳಗೆ ಹೂತುಹೋಗಿದ್ದರು. ಆತುರದಲ್ಲಿ ಮಾವ ಎಡದ ಚಿತ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅಂಟಿಸಿದ್ದರು. ನಾನು ಬಿದ್ದು ಬಿದ್ದು ನಕ್ಕೆ. "ಉಲ್ಟಾ ಅಂಟಿಸಿದ್ದೀರ ಮಾವ! ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಕಣೋ," ಎಂದರು ಮಾವ ಮೆಲ್ಲಗೆ. "ಅದು ಕಾಣ್ಬೇಕಾದ್ರೆ ಎರಡು ಕಣ್ಣೂ ಬೇಕು."

ನಾನು ಗೂಡನ್ನು ಕೆಳಗಿಟ್ಟೆ. ಊರಿಗೆಲ್ಲ ತೋರಿಸಿದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಅಡಿಗೆಮನೆಯಿಂದ ಅತ್ತೆ ಬಂದರು. ಬೈಯಲಿಲ್ಲ. ಚಿತ್ರಗಳನ್ನು ನೆನೆಸಿ ಬಿಡಿಸಿ, ಸರಿಯಾಗಿ ಅಂಟಿಸಿ, ತಾವೇ ಗೂಡಿಗೆ ಕಣ್ಣಿಟ್ಟರು.

"ಅಯ್ಯೋ, ಬಂದೆ ಕಣ್ರೀ! ತಟ್ಟೆ ಇಲ್ಲೇ ಕೈಗೆ ಸಿಗೋ ಹಂಗಿದೆ. ಪಕ್ಕದಲ್ಲಿ ನಾನು. ಗೋಡೆ ನನ್ನ ಬೆನ್ನಹಿಂದಕ್ಕೆ ಹೋಗಿದೆ..."

ಮಾವ ಅತ್ತೆಯ ಮುಖವನ್ನೇ ನೋಡುತ್ತಾ ಕುಳಿತಿದ್ದರು.

"ಇನ್ನೂ ಹೇಳೇ," ಎಂದರು.