ಮಿಡತೆಯ ಹೊಟ್ಟೆಯೊಳಗಿನ ಡ್ರೈವರ್

ಬೆಳಿಗ್ಗೆ ಈಜುಕೊಳದ ಮ್ಯಾನೇಜರ್ ಮುಳುಗಿ ಎದ್ದಾಗ ಅವರ ಮೀಸೆಯ ಮೇಲೊಂದು ಸತ್ತ ಮಿಡತೆ ಕೂತಿತ್ತು, ಮೀಸೆಗೇ ಮೀಸೆ ಬಂದಂತೆ. ನೀರಿಗೆ ಬಿದ್ದ ಕಸ, ಹುಳುಹುಪ್ಪಟೆಗಳನ್ನು ಬಲೆಯಲ್ಲಿ ಎತ್ತುವುದು ಕೊಳದಣ್ಣನ ಕೆಲಸ. ಸಂಜೆ ಒಂದೇ ಒಂದು ಮಿಡತೆ ಕಂಡರೂ ಕೆಲಸ ಬಿಟ್ಟು ಮನೆಗೆ ಹೋಗಬಹುದು ಎಂದುಬಿಟ್ಟರು ಮ್ಯಾನೇಜರ್.

ಅವನು ಒಂದು ಎತ್ತಿದರೆ ಎರಡು ಬೀಳುತ್ತಿದ್ದವು. ಸಲಹೆಗಳಿಗೇನೂ ಬರವಿರಲಿಲ್ಲ. ಟಿಕೆಟ್ ಕೊಡುವವನು ಉಪ್ಪು ಸುರಿ ಎಂದ. ಜಿಮ್ ಮಾಸ್ತರು ಸುತ್ತಲೂ ಓಡಿ ಚಪ್ಪಾಳೆ ತಟ್ಟು ಎಂದರು. ತಟ್ಟುತ್ತಾ ಓಡಿದವನು ಕಾಲು ಜಾರಿ ನೀರಿಗೆ ಬಿದ್ದ. ಮಿಡತೆಗಳಿಗೆ ಜೊತೆಯಾಯಿತು.

"ಅಲ್ಲೇ ನಿಂತ್ಕೊಳ್ಳಿ, ಅಲ್ಲಾಡಬೇಡಿ" ಎಂದರು ಅಲ್ಲೇ ಈಜುತ್ತಿದ್ದ ಜೀವಶಾಸ್ತ್ರದ ಟೀಚರ್. ಅವನ ಮೂಗಿನ ಮುಂದೆಯೇ ಒಂದು ಮಿಡತೆಯ ಹಿಂಬದಿಯಿಂದ ಕಪ್ಪು ದಾರದಂಥ ಹುಳ ಹೊರಬರುತ್ತಿತ್ತು. ಬಂತು, ಬಂತು, ಬರುತ್ತಲೇ ಇತ್ತು. ಮಿಡತೆಗಿಂತ ಎಷ್ಟೋ ಉದ್ದ.

ಹೊಟ್ಟೆಯೊಳಗೆ ಬೆಳೆದ ಹುಳಕ್ಕೆ ಸಂಸಾರ ಹೂಡಲು ನೀರು ಬೇಕಂತೆ. ಅದಕ್ಕೇ ಮಿಡತೆಯ ತಲೆ ಕೆಡಿಸಿ, ಬೆಳಕಿಗೆ ಮಿನುಗುವ ನೀರು ಕಂಡಲ್ಲಿ ಹಾರಿಸುತ್ತದಂತೆ.

ಕೊಳದಣ್ಣ ಒದ್ದೆ ಬಟ್ಟೆಯಲ್ಲೇ ಬೆರಗಾದ. "ಕೈಯಿಲ್ಲ, ಕಾಲಿಲ್ಲ, ಒಳಗೆ ಕೂತ್ಕೊಂಡೇ ಗಾಡಿ ಓಡಿಸ್ತದಲ್ಲ ಮೇಡಂ. ನಮ್ಮನೇಲಿ ನನ್ನ ಮಾತು ಬೆಕ್ಕೂ ಕೇಳಲ್ಲ."

ಆಗಲೇ ಉಪಾಯ ಹೊಳೆಯಿತು. ಕತ್ತಲಾಗುವ ಹೊತ್ತಿಗೆ ಬೇಲಿ ಪಕ್ಕ ಟಬ್ಬಿಗೆ ನೀರು ತುಂಬಿಸಿ, ಮೇಲೆ ದೀಪ ತೂಗುಹಾಕಿ, ಕೊಳದ ದೀಪ ಆರಿಸಿದ. ಮಿಡತೆಗಳು ಸಾಲಾಗಿ ಬಂದು ಟಬ್ಬಿಗೇ ಹಾರಿದವು. ಕೊಳ ತೊಳೆದಿಟ್ಟ ಕನ್ನಡಿಯಂತಿತ್ತು.

ಕ್ಯಾಂಟೀನ್ ಅಕ್ಕ ಕಿವಿಯಲ್ಲಿ ಉಸುರಿದಳು: "ಸಾಹೇಬ್ರು ಕೇಳಿದ್ರೆ ಎಲ್ಲಾ ನಾನೇ ಎತ್ತಿದ್ದು ಅನ್ನು ಕಣೋ. ಬೇರೆ ಬಾಯಿ ಬಿಡ್ಬೇಡ."

ಮ್ಯಾನೇಜರ್ ಬಂದರು. ಟಾರ್ಚ್ ಹಾಕಿ ಮೂಲೆಮೂಲೆ ನೋಡಿದರು. ಒಂದೂ ಇಲ್ಲ. ಭೇಷ್ ಎಂದು ಬೆನ್ನು ತಟ್ಟಿದರು. ಅಷ್ಟರಲ್ಲಿ ಟಬ್ಬಿನಲ್ಲಿ ಮಿಡತೆಯೊಂದರಿಂದ ಇನ್ನೊಂದು ಹುಳ ತಲೆ ಹೊರಹಾಕಿತು. ಕೊಳದಣ್ಣನಿಗೆ ತಡೆಯಲಾಗಲಿಲ್ಲ. ಸಾಹೇಬರ ಕೈ ಹಿಡಿದು ಎಳೆದೊಯ್ದು, ಎಲ್ಲ ಬಿಡಿಸಿ ಹೇಳಿದ.

"ನಂದೇನೂ ಇಲ್ಲ ಸಾರ್. ಪೂರಾ ಇದರದ್ದೇ ಕೆಲಸ."

ಮ್ಯಾನೇಜರ್ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದರು. ಅವರೂ ಬೆರಗಾಗಿದ್ದರು. ಕೊನೆಗೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು.

"ಹೌದಲ್ಲಯ್ಯಾ. ಹಾಗಾದ್ರೆ ನಾಳೆಯಿಂದ ಟಬ್ ಇಲ್ಲೇ ಇರಲಿ. ನೀನು ಮನೇಲಿರು."