ಹನ್ನೆರಡು ಗಾಜಿನ ಕಿಟಕಿ

ಬೇಯಿಸಿದ ಮೊಟ್ಟೆ ಎಂದುಕೊಂಡು ಆಂಬ್ರೋಸ್ ಪೆಟಿಫರ್ ಚಮಚದಿಂದ ಉಪ್ಪಿನ ಬಟ್ಟಲು ಒಡೆದ. ಜೂನ್ ತಿಂಗಳು, ನಾರ್ಫೋಕ್ ತುಂಬ ಬಿಸಿಲು. ಆದರೆ ಅವನ ಕೆಂಪಿಟ್ಟಿಗೆ ಬಂಗಲೆಯ ತಿಂಡಿಕೋಣೆಯ ಪಾಲಿಗೆ ಹೊರಗಿಂದ ಕಾಣುವ ಒಂದೇ ಕಿಟಕಿಗೂ ಇಟ್ಟಿಗೆ ತುಂಬಿತ್ತು. ಬಲ್ಬೂ ಅಂದೇ ಕೈಕೊಟ್ಟಿತ್ತು.

"ಹಿಂದಿನ ಕಾಲದಲ್ಲಿ ಮನೆಯ ಕಿಟಕಿ ಎಣಿಸಿ ಹಾಕ್ತಿದ್ದ ತೆರಿಗೆ ಏರಿದ ಕೂಡ್ಲೇ ನಮ್ಮ ಹಿರೀಕರು ಮುಚ್ಚಿಸಿಬಿಟ್ರು, ಜಿಪುಣರು. ಇವತ್ತು ತೆಗೆಸ್ದೆ ಬಿಡಲ್ಲ."

"ಮೊದ್ಲು ಮಿಸ್ ಥರ್ಟಲ್‌ನ ಗೆದ್ದು ಬಾ," ಎಂದಳು ಹೆಂಡತಿ ಈಡಿತ್.

ಇಂಥ ಹಳೇ ಮನೆಯಲ್ಲಿ ಒಂದು ಇಟ್ಟಿಗೆ ಅಲುಗಿಸಬೇಕಾದರೂ ಸರ್ಕಾರದ ಅಪ್ಪಣೆ ಬೇಕು. ಹತ್ತು ಗಂಟೆಗೆ ಊರ ಸಭಾಂಗಣದಲ್ಲಿ ವಿಚಾರಣೆ. ಪರಂಪರೆ ಸಂಘದ ಮಿಸ್ ಥರ್ಟಲ್ ಆ ಇಟ್ಟಿಗೆಗಳನ್ನೆಲ್ಲ ತಾನೇ ಹೆತ್ತವಳಂತೆ ಎದ್ದು ನಿಂತಳು.

"ಅಲ್ಲಿ ಕಿಟಕಿ ಇತ್ತು ಅನ್ನೋಕೆ ಏನ್ರೀ ಸಾಕ್ಷಿ?"

"ಇಲ್ದಿದ್ರೆ ಮೇಲೆ ಕಮಾನು ಯಾಕೆ, ಕೆಳಗೆ ಕಲ್ಲಿನ ಹಾಸು ಯಾಕೆ? ಬಾಗಿಲ ಎಡಕ್ಕೆ ಮೂರು ಕಿಟಕಿ ಇಟ್ಟು ಬಲಕ್ಕೆ ಎರಡೇ ಇಡೋಕೆ ನಮ್ಮೋರು ಜಿಪುಣರು ಮೇಡಂ, ಹುಚ್ಚರಲ್ಲ."

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಅಧಿಕಾರಿ ಬ್ಲೈಥ್ ಸಹಿ ಹಾಕಿದ. "ಕಿಟಕಿ ಇತ್ತು. ಮಿಕ್ಕವುಗಳ ಹಾಗೇ ಹನ್ನೆರಡು ಗಾಜು ಕೂರಿಸಿ."

ಆಂಬ್ರೋಸ್ ರಾಜ್ಯ ಗೆದ್ದವನಂತೆ ಮನೆ ಕಡೆ ನಡೆದ. ಹಿಂದೆ ಬ್ಲೈಥ್, ಅವನ ಹಿಂದೆ ಇಡೀ ಊರು. ಕೊನೆಯಲ್ಲಿ ಮಡಚುವ ಕುರ್ಚಿ, ಸೀಮೆಸುಣ್ಣ ಹಿಡಿದ ಮಿಸ್ ಥರ್ಟಲ್. ತೆಗೆದ ಪ್ರತಿ ಇಟ್ಟಿಗೆಗೂ ನಂಬರು ಹಾಕಬೇಕಲ್ಲ.

ಗಾರೆ ಕೆಲಸದ ಸಿಡ್ ಹೊರಗೋಡೆಯಿಂದ ಮೊದಲ ಇಟ್ಟಿಗೆ ಎಳೆದ. ಮನೆ ತನ್ನ ಕೈಗೆ ಬಂದಾಗಿನಿಂದ ಹನ್ನೆರಡು ವರ್ಷ ಕತ್ತಲಲ್ಲಿ ಉಂಡವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಆಂಬ್ರೋಸ್ ಎಲ್ಲರನ್ನೂ ತಳ್ಳಿ ತೂತಿಗೆ ಮುಖ ಇಟ್ಟ. ಒಳಗಿಂದ ಬುಸ್ಸನೆ ಹೊಗೆ ಬಂತು. ಮುಖ ಬಾಣಲೆಯ ತಳದಂತಾಯಿತು.

"ನೀನು ಗೆದ್ದು ಬಂದೆ ಅಂತ ಕಡುಬು ಬೇಯಿಸೋಕೆ ಒಲೆ ಹಚ್ಚಿದ್ದೆ," ಎಂದಳು ನೆಲಮನೆಯ ಅಡುಗೆಕೋಣೆಯಿಂದ ಓಡಿಬಂದ ಈಡಿತ್.

ಸಿಡ್ ತೂತಿನೊಳಗೆ ಕೈ ಹಾಕಿದ. "ಇದನ್ನ ಯಾರೂ ಮುಚ್ಚಿಲ್ಲ ಸಾರ್. ಕಟ್ಟಿದಾಗಲೇ ಸುಳ್ಳು ಕಿಟಕಿ. ಎರಡೂ ಕಡೆ ಸಮ ಕಾಣ್ಲಿ ಅಂತ ಇಟ್ಟಿರೋದು. ಹಿಂದಿರೋದು ಕೋಣೆಯಲ್ಲ, ಹೊಗೆಗೂಡು."

ಆಂಬ್ರೋಸ್ ಕೆಮ್ಮುತ್ತ, "ಹಾಗಾದ್ರೆ ಆ ಇಟ್ಟಿಗೆ ವಾಪಸ್ ಇಡಪ್ಪ," ಎಂದ.

"ಹಾಗೆಲ್ಲ ಇಡೋಕಾಗಲ್ಲ," ಎಂದಳು ಮಿಸ್ ಥರ್ಟಲ್, ಬೆಳಗಿನಿಂದ ಮೊದಲ ಬಾರಿ ನಗುತ್ತ. "ಕಿಟಕಿ ಇತ್ತು ಅಂತ ದಾಖಲೆ ಆಗಿದೆ. ಇದ್ದ ಕಿಟಕೀನ ಮುಚ್ಚೋದು ಅಪರಾಧ."

ಆಂಬ್ರೋಸ್ ಬ್ಲೈಥ್‌ನತ್ತ ನೋಡಿದ.

ಬ್ಲೈಥ್ ಕಾಗದ ಮಡಚಿದ. "ಕಿಟಕಿ ಇರಲಿಲ್ಲ ಅಂತ ಹೊಸ ಅರ್ಜಿ ಹಾಕಿ. ಆದ್ರೆ ಕಷ್ಟ ಇದೆ, ಪೆಟಿಫರ್. ಬೆಳಿಗ್ಗೆ ನೀವು ಮಾಡಿದ ವಾದಕ್ಕೆ ಉತ್ತರ ಕೊಡೋರು ಬೇಕಲ್ಲ."

ಊರವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಸಿಡ್ ಹೊಗೆಗೂಡಿಗೆ ಗಾಜಿನ ಅಳತೆ ತೆಗೆಯತೊಡಗಿದ.