ವಿಭೂತಿ ಹಚ್ಚಿದ ಎಕ್ಸಲ್ಲು

“ಎಂಟ ದಿವಸ! ಇನ್ನ ಎಂಟ ದಿವಸಕ್ಕ ಈ ಜೀಪು ಗೋಡಿ ಹತ್ತಲಿಲ್ಲಂದ್ರ ನನ್ನ ಹೆಸರ ಬಸಂತರಾಯ ಅಲ್ಲ!”

ಇಂಡ್ಯಾಗ, ತಮ್ಮ ಮನಿ ಅಂಗಳದಾಗ, ಒಂದ ಕೈ ಸೊಂಟದ ಮ್ಯಾಲ, ಇನ್ನೊಂದ ಕೈಯಾಗ ನಟ್ ಬಿಗಿಯೂ ಪಾನಾ ಹಿಡಕೊಂಡು ರಿಟೈರ್ಡ್ ಸರ್ವೇಯರ್ ಬಸಂತರಾಯ್ರು ಹಿಂಗ ಗುಡುಗಿದ್ರು. ಜ್ವಾಳಾ ಹಸನ ಮಾಡಾಕತ್ತಿದ್ದ ಹೆಂಡತಿ ಇಂದುಬಾಯಿ ತಲಿ ಸೈತ ಎತ್ತಲಿಲ್ಲ.

“ಗೋಡಿ ಆಮ್ಯಾಲ ಹತ್ತಲಿ. ಮೊದ್ಲ ಗೇಟ ದಾಟಲಿ.”

ಎರಡನೇ ಮಹಾಯುದ್ಧ ಕಂಡಿದ್ದ ಮಿಲಿಟರಿ ಜೀಪು ಅದು. ಜರ್ಮನಿಗೆ ಹೆದರಲಾರದ್ದು ಬೀಗರ ಊರು ಲಚ್ಯಾಣದ ಎರಿ ಮಣ್ಣಿಗೆ ಹೆದರಿತ್ತು! ಹೋದ ವರ್ಷ ಮಗಳ ಮದವಿ ಮಾತಾಡಾಕ ಹೋಗೂ ಮುಂದ ರಾಡ್ಯಾಗ ಹೊಟ್ಟಿಮಟ ಹುಗಕೊಂಡು ಕುಂತ್ತು. ಬೀಗರು ಶ್ರೀಶೈಲಪ್ಪನವರ ಎತ್ತು ಬಂದ ಎಳೀಬೇಕಾತು. ಅಷ್ಟಕ್ಕ ಮುಗೀತೇನು? ಮದವಿ ಪಂಗತ್ಯಾಗ, ಇನ್ನೂರ ಮಂದಿ ಮುಂದ, ಶ್ರೀಶೈಲಪ್ಪನವರು ಆ ಎತ್ತಿಗೆ ಹೋಳಿಗಿ ತಿನಿಸಿ, “ನಮಗ ಬೀಗರನ್ನ ಜಗ್ಗಿ ತಂದಕೊಟ್ಟ ಎತ್ತ ನೋಡ್ರಿ ಇವು!” ಅಂದ್ರು. ಆ ಹೋಳಿಗಿ ಎತ್ತಿಗೆ ಜೀರ್ಣ ಆತು, ಬಸಂತರಾಯರಿಗೆ ಆಗಲಿಲ್ಲ.

ಈಗ ಬರೂ ಸೋಮವಾರ ಅದ ಮಗಳು ಬಾಳಮ್ಮನ ಕುಬಸ. ಚೊಚ್ಚಲ ಬಸರಿ. ಹಸರ ಸೀರಿ, ಹಸರ ಬಳಿ, ಐದ ನಮೂನಿ ಬುತ್ತಿ ತವರಿನಿಂದ ಹೋಗಬೇಕು, ಅದೂ ಹನ್ನೆರಡರ ಒಳಗ. ಶ್ರಾವಣದ ಮಳಿ ಬ್ಯಾರೆ!

“ಈ ಸಲ ಬೀಗರ ಎತ್ತು ಬರಲಿ,” ಅಂದ್ರು ಇಂದುಬಾಯಿ, “ನಿಮ್ಮ ಜೀಪಿನಾಗ ನಾ ಕುಳ್ಳ ಒಟ್ಟತೇನಿ! ಒಲಿಗೆ ಹಚ್ಚೂ ಕುಳ್ಳ! ಸುಳ್ಳಂದ್ರ ನೋಡ್ರಿ!”

ಬಸಂತರಾಯರ ಪಿತ್ತ ನೆತ್ತಿಗೇರಿತು. ಜೀಪಿನ ಸವದ ಸಾಮಾನ ಬದಲಸಾಕ ಸೊಲ್ಲಾಪುರದ ಗುಜರಿಗೆ ಹೋದ್ರು, ಒಂದ ದೊಡ್ಡ ಮಿಲಿಟರಿ ಗಾಡಿದ ಹಿಂದಿನ ಎಕ್ಸಲ್ಲು, ಅದರ ಟ್ರಾನ್ಸಫರ್ ಕೇಸು, ಎರಡೂ ಲಾರಿಮ್ಯಾಲ ಹೇರಕೊಂಡ ಬಂದ್ರು.

“ಟ್ರಾನ್ಸಫರ್ ಕೇಸ? ರಿಟೈರ್ ಆದವರಿಗೆ ಎಲ್ಲಿ ಟ್ರಾನ್ಸಫರ್ರಿ?” ಅಂದ್ರು ಇಂದುಬಾಯಿ.

“ಏ, ಎಂಜಿನ್ನಿನ ಜೋರು ಮುಂದಿನ ಗಾಲಿಗೆ ಇಷ್ಟು, ಹಿಂದಿನ ಗಾಲಿಗೆ ಇಷ್ಟು ಅಂತ ಹಂಚೂ ಪೆಟಗಿ ಇದು! ನಾಕೂ ಗಾಲಿ ಒಮ್ಮೆಲೆ ಎಳದ್ವಂದ್ರ ರಾಡಿ ಕೈ ಮುಗಿದು ದಾರಿ ಬಿಡತೈತಿ!”

ಚಾಂದಸಾಬ ಮಿಸ್ತ್ರಿ ಟ್ರಾನ್ಸಫರ್ ಕೇಸು ಚಂದಂಗ ಕೂಡಿಸಿದ. ಮರದಿನ ಎಕ್ಸಲ್ಲು ಹಾಕಾಕ ಬಂದು ನೋಡತಾನ, ಅಂಗಳದಾಗ ಡಬ್ಬ ಬಿದ್ದಿದ್ದ ಎಕ್ಸಲ್ಲಿನ ದುಂಡನ ಹೊಟ್ಟಿಮ್ಯಾಲ ಮೂರ ಪಟ್ಟಿ ವಿಭೂತಿ, ನಡಕ ಕುಂಕುಮ! ಬಸಂತರಾಯ್ರು ಮುಂಜಾನೆದ್ದು ತಾವ ಪೂಜಿ ಮುಗಿಸಿ, ಟೆಂಗಿನಕಾಯಿನೂ ಒಡದಿದ್ರು.

“ಮಗಳ ಉಡಿ ತುಂಬಾಕ ಇಟ್ಟ ಕಾಯಿ ಅದು!” ಇಂದುಬಾಯಿ ಒಳಗಿಂದ ಚೀರಿದ್ರು.

“ಸಾಹೇಬ್ರ,” ಅಂದ ಚಾಂದಸಾಬ, “ಈ ಬಾಜೂ ತೆಳಗ ಬರ್ಬೇಕ್ರಿ.”

“ವಿಭೂತಿ ಹಚ್ಚಿದ ಮಾರಿ ನೆಲಕ್ಕ ಮಾಡೂದು? ರಾಡಿ ಬಡಸೂದು? ಅದು ಮ್ಯಾಲ ಇರಬೇಕು!”

“ಒರಸಿ ಆ ಕಡಿ ಹಚ್ರಿ ಮತ್ತ!”

“ಹಚ್ಚಿದ ವಿಭೂತಿ ಒರಸ್ತಾರೇನೋ?”

“ಸಾಹೇಬ್ರ, ಡಬ್ಬ ಹಾಕಿದ್ರ ಗಾಲಿ ಉಲ್ಟಾ ತಿರಗತಾವ್ರಿ!”

“ಮೂವತ್ತ ವರ್ಷ ಇಡೀ ತಾಲೂಕ ಅಳದೇನಿ! ಉಲ್ಟಾ-ಸುಲ್ಟಾ ನೀ ನನಗ ಕಲಸ್ತಿ?”

ಚಾಂದಸಾಬ ಕೈ ಒರಸೂ ಅರಬಿ ನೆಲಕ್ಕ ಒಗದ. “ನೀವ ಹಾಕ್ಕೋರಿ! ಯಾರ ಹಾಕ್ಯಾರ ಅಂತ ಕೇಳಿದ್ರ ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ!” ಅಂದವನ ಸೈಕಲ್ ಹತ್ತಿ ಹೋಗೇಬಿಟ್ಟ. ಬಸಂತರಾಯ್ರು ಓಣ್ಯಾಗಿನ ನಾಕ ಮಂದಿ ಗಟ್ಟಿ ಆಳ ಕರದು, ತಾವ ಜೀಪಿನ ತೆಳಗ ತೂರಿ, ವಿಭೂತಿ ಮ್ಯಾಲ ಮಾಡಿ ನಟ್ ಬಿಗದ್ರು. ಏನ ಕಾನ್ಫಿಡೆನ್ಸು!

ಸೋಮವಾರ ಬಂತು. ಹಿಂದಿನ ಸೀಟಿನಾಗ ಇಂದುಬಾಯಿ, ತೊಡಿಮ್ಯಾಲ ಹಸರ ಸೀರಿ, ಕಾಲಾಗ ಬುತ್ತಿ ಬುಟ್ಟಿ. ಬಸಂತರಾಯ್ರು ಮೀಸಿ ತಿರುವಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ರು.

ಜೀಪು ಗುಂಡ ಹಾರಿದಂಗ ಹಾರಿತು, ಹಿಂದಕ್ಕ! ಹಿತ್ತಲದ ಕುಳ್ಳಿನ ಬಣವಿ ಧಡಲ್ ಅಂತ ಬಿತ್ತು. ಇಂದುಬಾಯಿ ಮಡಲಾಗ ಆರು ಕುಳ್ಳು!

“ಮಗಳ ಕುಬಸಕ್ಕ ಹೊಂಟೇವಿ! ಶುಭಕಾರ್ಯಕ್ಕ ಹೊಂಟಾಗ ಹಿಂದ ಸರೀತಾರೇನ್ರಿ?”

“ನಾ ಎಲ್ಲಿ ಸರಿದ್ನಿ? ಜೀಪ ಸರೀತು!”

ಸೆಕೆಂಡ್ ಹಾಕಿದ್ರು, ಹಿಂದಕ್ಕ. ಥರ್ಡ್ ಹಾಕಿದ್ರು, ಹಿಂದಕ್ಕ! ಸಿಟ್ಟಿಲೆ ರಿವರ್ಸ್ ಹಾಕಿದ್ರು. ಹಾಂ, ಮುಂದಕ್ಕ ಹೊಂಟಿತು! ಖರೆ, ಆಮಿ ಹೊಂಟಂಗ. ಓಣಿ ದಾಟೂದ್ರಾಗ ರೇಡಿಯೇಟರ್ ಕುದ್ದು ಬುಸ್ ಅಂತು.

“ಹಿಂಗ ಹೋದ್ರ ಕುಬಸಕ್ಕಲ್ಲ, ಕೂಸಿನ ತೊಟ್ಟಲಕ್ಕ ಮುಟ್ಟತೇವಿ! ಬಸ್ಸು ಹೋಗಿ ತಾಸಾತು. ಮುಂದಕ್ಕ ಒಂದ ಗೇರು, ಹಿಂದಕ್ಕ ಮೂರು, ಹೌದಲ್ಲ?”

“ಹೌದು.”

“ಹಂಗಾರ ಜೀಪಿನ ಮಾರಿ ಮನಿ ಕಡಿ ತಿರುವ್ರಿ!”

ಹಿಂಗ ಶುರು ಆತು ನೋಡ್ರಿ ಆ ಮಹಾಪ್ರಯಾಣ! ಜೀಪಿನ ಮಾರಿ ಇಂಡಿ ಕಡಿ, ಓಟ ಲಚ್ಯಾಣದ ಕಡಿ. ಇಂದುಬಾಯಿ ಲಚ್ಯಾಣದ ಕಡಿ ಹೊಳ್ಳಿ ಕುಂತು, ಈಗ ಎಲ್ಲಾರಕಿಂತ ಮುಂದ. ಬಸಂತರಾಯ್ರು ಕುತಿಗಿ ಗೂಗಿಯಂಗ ಹಿಂದ ತಿರುವಿ ಸ್ಟಿಯರಿಂಗ್ ಹಿಡದಿದ್ರು.

“ಎಡಕ್ಕ!”

“ಯಾರ ಎಡಕ್ಕ?”

“ನನ್ನ ಎಡಕ್ಕ! ಅಯ್ಯ, ಎಮ್ಮಿ! ಎಮ್ಮೀ!”

ಎದುರಿಗೆ ಬಂದ ಚಕ್ಕಡಿಯವ, ಜೀಪಿನ ಮಾರಿ ತನ್ನ ಕಡಿ ಇಲ್ಲಂತ, ದಾರಿ ಬಿಡಲಾರದ ನಿಂತ. ಬಸಂತರಾಯ್ರು ಬೈದ ಬೈಗಳ ಜೀಪಿನ ಹೊಗಿಕಿಂತ ದಟ್ಟ ಇತ್ತು.

ಹನ್ನೊಂದಕ್ಕ ಅದ ಎರಿ ರಾಡಿ ಬಂತು. ಊರು ಎದರಿಗೇ ಕಾಣತಿತ್ತು.

“ಈಗ ನೋಡ ನನ್ನ ಟ್ರಾನ್ಸಫರ್ ಕೇಸಿನ ಗಮ್ಮತ್ತ!” ಅಂದವರ ಸಣ್ಣ ಲಿವರ್ ಜಗ್ಗಿ ನಾಕೂ ಗಾಲಿಗೆ ಜೋರ ಕೊಟ್ರು.

ಹಿಂದಿನ ಗಾಲಿ ಲಚ್ಯಾಣಕ್ಕ ಎಳದ್ವು. ಮುಂದಿನ ಗಾಲಿ, ಅವಕ್ಕೇನ ಗೊತ್ತು ಪಾಪ, ಇಂಡಿಗೆ ಎಳದ್ವು! ನಡಕ ಸಿಕ್ಕ ಜೀಪು ಒಯ್ಯೋ ಅಂತು. ಎರಡೂ ಕಡಿ ರಾಡಿ ಕಾರಂಜಿ! ಹತ್ತ ಎಣಸೂದ್ರಾಗ ಸೀಟಿನಮಟ ಹುಗದಿತ್ತು.

ಇಂದುಬಾಯಿ ಹಸರ ಸೀರಿಮ್ಯಾಲಿನ ರಾಡಿ ಒಂದೊಂದ ಹನಿ ಒರಸಕೋತ ಕುಂತ್ರು. ಕಣ್ಣಾಗ ನೀರಿತ್ತು. ಬಸಂತರಾಯ್ರು ಗಡಿಯಾರ ನೋಡಿದ್ರು. ತಾಸಿನಾಗ ಹನ್ನೆರಡ ಹೊಡೀತೈತಿ, ಮಗಳು ಬರೇ ಉಡಿಲೆ ಕುಂತಾಳ.

ತಾವ ಇಳದ್ರು. ಮೊಣಕಾಲಮಟ ರಾಡ್ಯಾಗ ಹೋಗಿ, ತಮ್ಮ ಬಾಯಿಲೆ, ಬೀಗರ ಎತ್ತ ಕೇಳಿ ತಂದ್ರು.

ಶ್ರೀಶೈಲಪ್ಪನವರು ಎತ್ತ ಹಿಡಕೊಂಡು ಜೀಪಿನ ಸುತ್ತ ಎರಡ ಸಲ ಸುತ್ತಿದ್ರು. ಆ ಕಡಿ ನೋಡಿದ್ರು, ಈ ಕಡಿ ನೋಡಿದ್ರು.

“ಬೀಗರ, ತಪ್ಪ ತಿಳೀಬ್ಯಾಡ್ರಿ. ಇದರಾಗ ಮುಂದ ಯಾವುದ್ರಿ?”

ಎತ್ತ ಜಗ್ಗಿದ್ವು. ಹನ್ನೆರಡಕ್ಕ ಐದ ಮಿನಿಟ ಇದ್ದಾಗ ಇಂದುಬಾಯಿ ರಾಣಿಯಂಗ ಬೀಗರ ಅಂಗಳಕ್ಕ ಮಾರಿ ಮಾಡಿ ಬಂದ ಇಳದ್ರು. ಬಸಂತರಾಯ್ರು ಬೀಗರಿಗೆ ಬೆನ್ನ ಮಾಡಿ ಬಂದ್ರು. ಬಾಳಮ್ಮ ಹಸರ ಸೀರಿ ಉಟ್ಟಳು, ಉಡಿ ತುಂಬಿತು, ಕಾಯಿ ಮಾತ್ರ ಬೀಗರದು.

ಶ್ರೀಶೈಲಪ್ಪನವರು ಜೀಪಿನ ತೆಳಗ ಬಗ್ಗಿ, ರಾಡ್ಯಾಗೂ ಅಳಿಸಲಾರದ ಪಟ್ಟಿ ನೋಡಿ, “ಅಬಬ! ಎಕ್ಸಲ್ಲಿಗೆ ವಿಭೂತಿ!” ಅಂತ ಕೈ ಮುಗದ್ರು.

“ಮುಗೀಬ್ಯಾಡ್ರಿ ಬೀಗರ,” ಅಂದ್ರು ಇಂದುಬಾಯಿ. “ನಮ್ಮವರು ಕುಂಡಿಗೆ ಹಚ್ಚಿ ಹಣಿ ಅಂದಾರ!”

ಕುಬಸಕ್ಕ ಬಂದ ಇನ್ನೂರ ಮಂದಿ ನಕ್ಕ ನಗಿಗೆ ಎತ್ತ ಸೈತ ಬೆದರಿದ್ವು.

ಮರದಿನ ಜೀಪು ಅದ ಎತ್ತಿನ ಹಿಂದ ಇಂಡಿಗೆ ಬಂತು. ಬಸಂತರಾಯ್ರು ಚಾಂದಸಾಬನಿಗೆ ಬಾ ಅಂತ ಹೇಳಿ ಕಳಿಸಿ, ಹಸಿ ಅರಬಿ ಹಿಡಕೊಂಡು, ಯಾರೂ ನೋಡಲಾರದಂಗ ವಿಭೂತಿ ಒರಸಾಕ ಜೀಪಿನ ತೆಳಗ ತೂರಿದ್ರು. ಮ್ಯಾಲ ಏನೋ ಧಪ್ ಅಂತು. ಹಣಿಕಿ ಹಾಕಿ ನೋಡತಾರ, ಇಂದುಬಾಯಿ ಬುಟ್ಟಿ ತುಂಬ ಕುಳ್ಳ ತಂದ ನಿಂತಾರ.

“ಯಾ ಕಡಿಂದ ಒಟ್ಟಲ್ರೀ ಸರ್ವೇಯರ್ ಸಾಹೇಬ್ರ? ಇದರಾಗ ಮುಂದ ಯಾವುದ್ರಿ?”